ಹುರಕಡ್ಲಿಯವರ ಪಡಸಾಲೆಯ ಪ್ಲಗ್ ಸಮರ

ಕರೆದಾಗ ಬಾರದ, ಬಂದರೆ ನಿಲ್ಲದ, ಬಿಲ್ಲನ್ನು ಮಾತ್ರ ತಪ್ಪದೆ ಕಳಿಸುವ ಚಂಚಲಚರಣೆಯಾದ ಎಲೈ ವಿದ್ಯುದ್ದೇವಿಯೇ! ಈ ಗಾಥೆ ಮುಗಿಯುವ ತನಕವಾದರೂ ನನ್ನ ತಲೆಯ ಮೇಲಿನ ಫ್ಯಾನಿನಲ್ಲಿ ನೆಲೆಸಿರು. ನಿನ್ನ ಒಂದು ದ್ವಾರಕ್ಕಾಗಿ, ಗೋಡೆಯಲ್ಲಿ ಮೂರು ತೂತು ಬಿಟ್ಟುಕೊಂಡು ಕೂತಿದ್ದ ಒಂದು ಹಳದಿಗಟ್ಟಿದ ಪ್ಲಗ್ಗಿಗಾಗಿ, ಒಂದೇ ಸೂರಿನಡಿಯ ಇಬ್ಬರು ಮಹಾಮಾನಿನಿಯರು ಕಾದಾಡಿದ ಕಥೆಯಿದು. ಅದು ಕಲಿಯುಗದ ಬೇಸಿಗೆ. ಬೆಟಗೇರಿಯ ಓಣಿಗಳಲ್ಲಿ ಗೋಡೆಯ ನೆರಳಿಗಾಗಿ ನಾಯಿಗಳೂ ಜಗಳಾಡುತ್ತಿದ್ದ ಕಾಲ. ಎರಡು ಕಾಲಿನವರು ಜಗಳಾಡಿದರೆ ಅದರಲ್ಲಿ ಆಶ್ಚರ್ಯವೇನು?

ಆ ಓಣಿಯೊಂದರಲ್ಲಿ ಹುರಕಡ್ಲಿಯವರ ಪುರಾತನ ಗೃಹ. ಅದರ ಅಡುಗೆಮನೆಗೆ ಏಕಚ್ಛತ್ರಾಧಿಪತಿಯಾಗಿದ್ದವಳು ಹಿರಿಯ ಸೊಸೆ ದಾಕ್ಷಾಯಿಣಿ. ಲಟ್ಟಣಿಗೆದಂಡಧಾರಿಣಿ, ಶೇಂಗಾಹಿಂಡಿವಿಶಾರದೆ, ಹೋಳಿಗೆಯ ಹೂರಣದಲ್ಲಿ ಬೇಳೆಯ ಒಂದು ಚೂರನ್ನೂ ಜೀವಸಹಿತ ಉಳಿಸದ ಬೇಳೆಕುಲಾಂತಕಿ. ಆ ಅಡುಗೆಮನೆಯ ಪ್ಲಗ್ಗು ಒಂದು ದಿನ ಕಿಡಿ ಕಾರಿ, ಕಪ್ಪಾಗಿ, ಅಸು ನೀಗಿತು. ರಿಪೇರಿಯವನು "ನಾಳೆ ಬರ್ತೀನ್ರಿ ಅಕ್ಕಾರ" ಎಂದು ಭೀಷಣ ಪ್ರತಿಜ್ಞೆ ಮಾಡಿ ಅಂತರ್ಧಾನನಾದ. ಅಂದಿನಿಂದ ಆಕೆಯ ಮಿಕ್ಸರು ಪಡಸಾಲೆಯ ಏಕಮಾತ್ರ ಪ್ಲಗ್ಗಿಗೆ ಶರಣಾಗಿತ್ತು.

ಕಿರಿಯ ಸೊಸೆ ಶಿವಲೀಲಾ. ಹಾವೇರಿಯಿಂದ ಹಿಂದಿನ ವರ್ಷ ಮದುವೆಯಾಗಿ ಬಂದವಳು, ಮಿತಭಾಷಿಣಿ. ಅವಳ ಗಂಡ ಮಹಾಂತೇಶ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿಯುವವನು. ಅವನ ಮುಖಕ್ಕಿಂತ ಅವನ ಅಂಗಿಗೆ ಅಂಟಿದ ಮಸಿಯೇ ಮನೆಯವರಿಗೆ ಹೆಚ್ಚು ಪರಿಚಿತ. ಬೆಳಿಗ್ಗೆ ಹೊಲಿಗೆ ಕ್ಲಾಸು, ಮಧ್ಯಾಹ್ನವೆಲ್ಲ ಗೋಡೆ ನೋಡುವುದು, ಇಷ್ಟೇ ಅವಳ ದಿನಚರಿ. ಒಂದು ದಿನ ಆಕೆ ಆಟೋದಲ್ಲಿ ಒಂದು ಗಾಜಿನ ತೊಟ್ಟಿಯನ್ನೂ, ರಬ್ಬರ್ ಬ್ಯಾಂಡು ಬಿಗಿದ ನೀರಿನ ಪ್ಲಾಸ್ಟಿಕ್ ಚೀಲವೊಂದನ್ನೂ ತಂದು ಪಡಸಾಲೆಯಲ್ಲಿ ಇಳಿಸಿದಳು. ಚೀಲದೊಳಗೆ ನಿಯಾನ್ ಟೆಟ್ರಾ ಮೀನುಗಳ ಹಿಂಡು! ಬೆರಳಿನ ಒಂದು ಗೆಣ್ಣಿನಷ್ಟೇ ಉದ್ದದ, ಮೈಯುದ್ದಕ್ಕೂ ನೀಲಿ ಮಿಂಚಿನ ಗೆರೆ ಎಳೆದುಕೊಂಡ, ಬಾಲದ ಕಡೆಗೆ ಕುಂಕುಮ ಬಳಿದುಕೊಂಡ, ಒಂದು ಹೊರಳಿದರೆ ಎಲ್ಲವೂ ಹೊರಳುವ ಅಕ್ಷೌಹಿಣಿ.

ದಾಕ್ಷಾಯಿಣಿ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ದಿನಾ ಲಿಂಗಪೂಜಿ ಮಾಡೋ ಮನ್ಯಾಗ ಮೀನಾ? ಮಂದಿ ಏನಂದಾರು?"

"ತಿನ್ನಾಕಲ್ರೀ ಅಕ್ಕಾ, ನೋಡಾಕ."

"ನೋಡಾಕ ಗ್ವಾಡಿ ಮ್ಯಾಲ ಹಲ್ಲಿ ಅದಾವಲ್ಲ, ಸಾಲದೇನು? ಅದೂ ಇಷ್ಟ್ಯಾಕ? ಒಂದ್ ತಂದಿದ್ರ ಆಗ್ತಿತ್ತಲ್ಲ."

"ಇವು ಒಂಟಿ ಇರಂಗಿಲ್ಲಂತ್ರೀ. ಒಂಟಿ ಬಿಟ್ರ ಮೂಲ್ಯಾಗ ಕುಂತು, ಉಣ್ಣದ ಸೊರಗತಾವಂತ. ಅದಕ್ಕ ಹಿಂಡನ ತಂದೆ."

ದಾಕ್ಷಾಯಿಣಿ ನೆಗೆಣ್ಣಿಯ ಮುಖವನ್ನೊಮ್ಮೆ ನೋಡಿ ಸೊಂಟದ ಮೇಲಿನ ಕೈ ಇಳಿಸಿದಳು. ಆದರೆ ಆ ತೊಟ್ಟಿಗೊಂದು ಗಾಳಿ ಪಂಪು ಇತ್ತು. ಆ ಪಂಪಿಗೊಂದು ವಯರು ಇತ್ತು. ಆ ವಯರು ಸರ್ಪದಂತೆ ತೆವಳಿ ಹೋಗಿ ಹೆಡೆಯೂರಿದ್ದು ಪಡಸಾಲೆಯ ಅದೇ ಪ್ಲಗ್ಗಿನಲ್ಲಿ. ಸಕಲ ಅನರ್ಥಗಳಿಗೂ ಅಲ್ಲಿಂದಲೇ ಆರಂಭ.

ಮೊದಲ ರಕ್ತಪಾತ ನಡೆದದ್ದು ಒಂದು ಸೋಮವಾರ. ದಾಕ್ಷಾಯಿಣಿ ಪಂಪಿನ ವಯರು ಕಿತ್ತು, ಮಿಕ್ಸರು ಹಚ್ಚಿ, ಶೇಂಗಾವನ್ನು ಧೂಳೀಪಟ ಮಾಡಿ ಹಿಂಡಿಯೆಂಬ ಚಟ್ನಿಪುಡಿಯಾಗಿಸಿದಳು. ಅಷ್ಟರಲ್ಲಿ ಪಕ್ಕದ ಮನೆಯ ಪಾರವ್ವ ಬಂದಳು. ಕಟ್ಟೆಯ ಮೇಲೆ ಮಾತು ಕುದುರಿತು. ಹೊಲಿಗೆ ಕ್ಲಾಸು ಮುಗಿಸಿ ಮಧ್ಯಾಹ್ನ ಮನೆಗೆ ಬಂದ ಶಿವಲೀಲಾ ಕಂಡದ್ದೇನು! ಗಾಜಿನ ಸಾಗರವು ನಿಸ್ತರಂಗವಾಗಿತ್ತು. ಆ ಬಿಸಿಲಿಗೆ ನೀರು ಬೆಚ್ಚಗಾಗಿತ್ತು. ಇಡೀ ಸೇನೆ ಮೇಲಕ್ಕೆ ಬಂದು, ಬಾಯಿ ತೆರೆದು ಮುಚ್ಚಿ ಗಾಳಿಗಾಗಿ ಬೇಡುತ್ತಿತ್ತು. ಒಬ್ಬ ವೀರನು ಆಗಲೇ ಹೊಟ್ಟೆ ಮೇಲಾಗಿ ತೇಲುತ್ತಿದ್ದ.

"ಅಕ್ಕಾ! ಪ್ಲಗ್ ಯಾರ ತಗದವ್ರು?"

"ನಾನ. ಯಾಕ, ಮನಿ ಮುಳಗಿತೇನು?"

"ಮೀನ ಸಾಯಾಕತ್ತಾವ್ರೀ, ಗಾಳಿ ಇಲ್ಲದ!"

"ಮೀನಕ್ಕ ಎಂಥಾ ಗಾಳಿ ತಂಗೀ? ನೀರಾಗ ಇರೂವಲ್ಲೇನು ಅವು? ಹೊಳ್ಯಾಗ ಯಾರು ಪಂಪ್ ಹಚ್ಚ್ಯಾರ?"

ಈ ತರ್ಕಾಸ್ತ್ರ ತಲೆಯ ಮೇಲೆ ಹಾರಿಹೋಗುತ್ತಿದ್ದಂತೆ ಶಿವಲೀಲಾ ಬಗ್ಗಿ ಪಂಪಿನ ವಯರನ್ನು ಮತ್ತೆ ಪ್ಲಗ್ಗಿಗೆ ಹಚ್ಚಿದಳು. ಆಕೆ ಸತ್ತ ಮೀನನ್ನು ಚಮಚದಲ್ಲೆತ್ತಿ, ಹಿತ್ತಲಿನ ದಾಸವಾಳದ ಬುಡದಲ್ಲಿ ಹುಗಿದು, ಕೈ ತೊಳೆದು ಬಂದು, ಪ್ಲಗ್ಗಿನ ಮುಂದೆ ನಿಂತು ಗರ್ಜಿಸಿದಳು:

"ಇನ್ನ ಮ್ಯಾಲ ಈ ಪ್ಲಗ್ಗಿಗೆ ಯಾರ ಕೈ ಹಚ್ಚಿದ್ರೂ ನನ್ನ ಕೇಳಿ ಹಚ್ಚಬೇಕ್ರಿ. ನಾ ಹಾವೇರಿಯಾಕಿ. ಸಾಲಿ ಕಬಡ್ಡಿಯಾಗ ನನ್ನ ಕಾಲ ಹಿಡದ ನಿಂದ್ರಿಸಿದಾಕಿ ಇನ್ನೂ ಹುಟ್ಟಿಲ್ಲ!"

ಮಾತನ್ನೇ ಆಡದ ಕಿರಿಯಳ ಬಾಯಿಂದ ಇಂಥ ಸಿಂಹನಾದ ಹೊರಟದ್ದಕ್ಕೆ ಹಿರಿಯಳು ಕ್ಷಣಕಾಲ ಬೆಚ್ಚಿದರೂ, ಸೆರಗು ಸಿಕ್ಕಿಸಿ ಪ್ರತಿಗರ್ಜಿಸಿದಳು:

"ಕಬಡ್ಡಿ ಆಡಿದಾಕಿ ನೀ; ಒಳ್ಳಾಗ ಖಾರ ಕುಟ್ಟಿದಾಕಿ ನಾ! ನಾ ಈ ಮನಿಗೆ ಬಂದಾಗ ಮಿಕ್ಸರ ಇರಲಿಲ್ಲ, ಫ್ಯಾನ್ ಇರಲಿಲ್ಲ, ನಿಮ್ಮ ಭಾವಾರ ತಲಿಯಾಗ ಕೂದಲಷ್ಟ ಇದ್ದೂ. ಇಡೀ ಓಣಿ ಮದುವಿಗೆ ಹಿಂಡಿ ಕುಟ್ಟಿದ ಕೈ ಇದು. ಬೆರಳುದ್ದ ಇಲ್ಲದ ಮೀನಿಗೆ ಹೆದರತೈತೇನು?"

ಯುದ್ಧ ಘೋಷಣೆಯಾಯಿತು. ಪಂಪಿನ ವಯರಿಗೆ ಬಿಡುವಿಲ್ಲ. ಹಚ್ಚುವವಳು ಒಬ್ಬಳು, ಕೀಳುವವಳು ಇನ್ನೊಬ್ಬಳು. ಶಿವಲೀಲಾ ಗುಪ್ತಚರಳಂತೆ ಅಡುಗೆಮನೆಗೆ ನುಗ್ಗಿ ಮಿಕ್ಸರ್ ಜಾರಿನ ಮುಚ್ಚಳವನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಸೆರೆಯಿಟ್ಟಳು. ಮುಚ್ಚಳವಿಲ್ಲದೆ ಜಾರು ತಿರುಗಿಸಿದ ದಾಕ್ಷಾಯಿಣಿಯ ಹುಬ್ಬು, ಮೂಗು, ಕುಪ್ಪಸಗಳೆಲ್ಲ ಕೆಂಪು ಚಟ್ನಿಯಿಂದ ಅಭಿಷಿಕ್ತವಾದವು. ಆಕೆ ಛಲದಿಂದ ಹಿತ್ತಲಿನ ಒರಳನ್ನು ತೊಳೆದು ಕೈಯಿಂದಲೇ ಅರೆದಳು. ಅರೆದು ಅರೆದು ರಟ್ಟೆ ಸೋತು, ಊಟಕ್ಕೆ ಕೂತಾಗ ರೊಟ್ಟಿ ಮುರಿಯುವುದೂ ಎಡಗೈಯಿಂದ. ಆದರೂ "ಒರಳಿನ ರುಚಿನ ಬ್ಯಾರೆ" ಎಂದು ನಗುತ್ತಲೇ ಬಡಿಸಿ, ಕಿರಿಯಳ ತಟ್ಟೆಗೆ ಮಾತ್ರ ಕಲ್ಲಿನಷ್ಟು ದಪ್ಪನೆಯ ಮೆಣಸಿನ ಬೀಜಗಳನ್ನು ಆರಿಸಿ ಹಾಕಿದಳು. ಮಹಾಂತೇಶನು ಪ್ರೆಸ್ಸಿನಲ್ಲಿ ಓವರ್‌ಟೈಮ್ ಬೇಡಿ ಪಡೆದ.

ಹಿರಿಯ ಸೊಸೆಯ ಪತಿ, ಗೃಹಯಜಮಾನ, ವಿಭೂತಿಭೂಷಿತಲಲಾಟನಾದ ವಿರೂಪಾಕ್ಷಪ್ಪನನ್ನು ಇಬ್ಬರೂ ನ್ಯಾಯಪೀಠಕ್ಕೆ ಎಳೆದರು.

"ನೀವ ಹೇಳ್ರೀ, ಮನಿ ಮಂದಿ ಹೊಟ್ಟಿ ದೊಡ್ಡದೋ, ಈಕಿ ಮೀನ ದೊಡ್ಡೂವೋ?" ಎಂದಳು ದಾಕ್ಷಾಯಿಣಿ.

"ಭಾವಾರ, ಜೀವಾ ದೊಡ್ಡದೋ ಹಿಂಡಿ ದೊಡ್ಡದೋ?" ಎಂದಳು ಶಿವಲೀಲಾ.

ಧರ್ಮಸೂಕ್ಷ್ಮವನ್ನು ಅರಿತ ಆ ಮಹಾತ್ಮನು ಬಹಳ ಹೊತ್ತು ಚಾವಣಿ ನೋಡಿ, "ನೋಡ್ರಿ, ಇಬ್ಬರದೂ ಖರೇನ ಐತಿ" ಎಂದು ತೀರ್ಪಿತ್ತು, ಚಪ್ಪಲಿ ಮೆಟ್ಟುವುದಕ್ಕೂ ನಿಲ್ಲದೆ ಹೊರಗಿನ ಕಟ್ಟೆಗೆ ಪಲಾಯನ ಮಾಡಿದ.

ಹೀಗಿರಲು ದಾಕ್ಷಾಯಿಣಿಯ ಅಣ್ಣನು ಊಟಕ್ಕೆ ಬರುವ ದಿನ ಬಂದಿತು. ತವರಿನವರೆದುರು ಹೋಳಿಗೆಯ ಮಾನ ಹೋದರೆ ಬದುಕಿ ಫಲವೇನು? ಒರಳಿಗೆ ಇಳಿಯಲು ರಟ್ಟೆ ಒಪ್ಪಲಿಲ್ಲ. ಆ ಗರ್ವಿಷ್ಠೆ ಮಿಕ್ಸರನ್ನು ಕಂಕುಳಲ್ಲಿ ಅವುಚಿಕೊಂಡು ಪಡಸಾಲೆಗೆ ಬಂದು, ಗೋಡೆಯತ್ತ ಮುಖ ಮಾಡಿ, ಗೋಡೆಗೇ ಹೇಳುವಂತೆ ಹೇಳಿದಳು:

"ಹೂರಣಾ ರುಬ್ಬೂತನ ಪ್ಲಗ್ ಬಿಟ್ಟ ಕೊಟ್ರ ಭಾಳ ಉಪಕಾರ ಆಕ್ಕತಿ."

ಶಿವಲೀಲಾ ಹಿಟ್ಟಿನ ಡಬ್ಬಿಯಿಂದ ಮುಚ್ಚಳ ತಂದು ಕೊಟ್ಟು, ಪಂಪಿನ ವಯರು ಕಿತ್ತು ಕೈಯಲ್ಲಿ ಹಿಡಿದು, "ಲಗೂನ ಮುಗಸ್ರಿ" ಎಂದು ದ್ವಾರಪಾಲಕಿಯಂತೆ ಪಕ್ಕದಲ್ಲೇ ನಿಂತಳು. ಮಿಕ್ಸರು ಮೊಳಗಿತು. ಕಡಲೆಬೇಳೆಯೂ ಬೆಲ್ಲವೂ ಜಾರಿನೊಳಗೆ ಹಾಹಾಕಾರ ಮಾಡಿದವು. ಇನ್ನೇನು ಅರ್ಧ ನುಣುಪಾಗಿರಬೇಕು, ಗರ್ಜನೆ ಗೊರಕೆಯಾಗಿ, ಗೊರಕೆ ನಿಟ್ಟುಸಿರಾಗಿ, ಎಲ್ಲವೂ ಸ್ತಬ್ಧ. ಮೇಲಿನ ಫ್ಯಾನು ಕೈ ಚೆಲ್ಲಿತು. ಓಣಿಯುದ್ದಕ್ಕೂ ಟೀವಿಗಳು ಒಮ್ಮೆಗೇ ಮೌನವಾದವು. ವಿದ್ಯುದ್ದೇವಿ ಇಬ್ಬರಿಗೂ ಒಲಿಯದೆ ಊರನ್ನೇ ಬಿಟ್ಟು ಹೋಗಿದ್ದಳು.

ಸುಡುಬಿಸಿಲು. ಹೊತ್ತು ಸರಿಯಿತು, ಕರೆಂಟು ಬರಲಿಲ್ಲ. ಹಿಂಡು ಮೆಲ್ಲಗೆ ಮೇಲೇರತೊಡಗಿತು. ಶಿವಲೀಲಾ ಪಂಪಿನ ಸಣ್ಣ ಪೈಪನ್ನು ಕಿತ್ತು, ಬಾಯಿಗಿಟ್ಟು, ಶಂಖ ಊದುವವಳಂತೆ ನೀರಿನೊಳಗೆ ಊದತೊಡಗಿದಳು. ಗುಳ್ಳೆಗಳು ಎದ್ದವು. ಊದಿದಳು, ಊದಿದಳು, ಕೆನ್ನೆ ಕೆಂಪೇರಿತು, ಕಣ್ಣು ಮೇಲಾಯಿತು, ತಲೆ ತಿರುಗಿ ಧೊಪ್ಪನೆ ನೆಲಕ್ಕೆ ಕೂತಳು. ಕೂತಲ್ಲೇ, ಇಷ್ಟು ದಿನ ಜಗಳದಲ್ಲಿ ಒಮ್ಮೆಯೂ ಅಳದವಳು, ಪೈಪು ಹಿಡಿದುಕೊಂಡು ಬಿಕ್ಕಿದಳು.

ದಾಕ್ಷಾಯಿಣಿ ಒಮ್ಮೆ ಜಾರಿನೊಳಗಿನ ಹೂರಣವನ್ನು ನೋಡಿದಳು. ಅದು ಆಗಲೇ ಬಿಗಿಯತೊಡಗಿತ್ತು. ಈಗಲೇ ಒರಳಿಗೆ ಹಾಕಿ ಹೇಗಾದರೂ ಅರೆದರೆ ಮಾನ ಉಳಿದೀತು. ಮತ್ತೊಮ್ಮೆ ತೊಟ್ಟಿಯನ್ನು ನೋಡಿದಳು.

"ಏ ಹುಚ್ಚೀ, ಸರಿ ಅತ್ತಾಗ" ಎಂದಳು. "ಊದಿ ಊದಿ ನೀ ಸತ್ತರ ಹಾವೇರಿಯವ್ರಿಗೆ ನಾ ಏನ್ ಹೇಳಲಿ?"

ಅಡುಗೆಮನೆಯಿಂದ ಒಂದು ತಂಬಿಗೆ ತಂದಳು. ತೊಟ್ಟಿಯ ನೀರು ಮೊಗೆದು, ಕೈಯನ್ನು ತಲೆಯ ಮೇಲೆತ್ತಿ, ಕುದಿಯುವ ಚಹಾವನ್ನು ಆರಿಸುವಾಗ ಎತ್ತರದಿಂದ ಬಿಡುತ್ತಾರಲ್ಲ, ಹಾಗೆ ಸಣ್ಣ ಧಾರೆಯಾಗಿ ಬಿಟ್ಟಳು. ಧಾರೆ ನೀರನ್ನು ಸೀಳಿ ತಳದವರೆಗೂ ಗುಳ್ಳೆಗಳನ್ನು ಒಯ್ದಿತು. ಮತ್ತೆ ಮೊಗೆದಳು, ಮತ್ತೆ ಬಿಟ್ಟಳು. ಬಲಗೈ ಸೋತಾಗ ಎಡಗೈ, ಎಡಗೈ ಸೋತಾಗ ಶಿವಲೀಲೆಯ ಕೈ. ತಂಬಿಗೆ ಕೈಯಿಂದ ಕೈಗೆ ಹೋಯಿತು. ಪಡಸಾಲೆ ನೀರಾಯಿತು, ಸೀರೆಗಳು ತೊಯ್ದವು, ಬೆವರು ಯಾವುದು ನೀರು ಯಾವುದು ತಿಳಿಯದಾಯಿತು.

"ಎಲ್ಲಾ ಒಂದ ಕಡಿಗೆ ಮಾರಿ ಮಾಡಿ ನಿಂತಾವ ನೋಡ" ಎಂದಳು ದಾಕ್ಷಾಯಿಣಿ, ಮೊದಲ ಸಲ ಗಾಜಿಗೆ ಮೂಗು ತಾಗುವಷ್ಟು ಬಾಗಿ.

"ಹೆದರಿಕಿ ಆದಾಗ ಹಂಗ ಕೂಡತಾವ್ರೀ."

ತಂಬಿಗೆ ಮತ್ತೆರಡು ಸಲ ಕೈ ಬದಲಾಯಿಸಿತು. ಆಮೇಲೆ ಹಿರಿಯಳು, ನೀರನ್ನೇ ನೋಡುತ್ತ, "ಅವತ್ತ ಪ್ಲಗ್ ಮತ್ತ ಹಚ್ಚಬೇಕಂತನ ಮಾಡಿದ್ದೆ ತಂಗಿ. ಪಾರವ್ವ ಬಂದ್ಲು. ಮರತೆ. ನಿನ್ನ ಮುಂದ ಹೇಳಾಕ ಬಾಯಿ ಬರಲಿಲ್ಲ" ಎಂದಳು.

"ಮುಚ್ಚಳಾ ಮುಚ್ಚಿಟ್ಟದ್ದು ನಂದೂ ತಪ್ಪ್ರೀ. ನಿಮ್ಮ ಮಾರಿ ಮ್ಯಾಲ ಚಟ್ನಿ ಸಿಡಿದಾಗ ನಾ ಹಿತ್ತಲದಾಗ ನಿಂತು ನಕ್ಕೆ."

"ನಗೂದು ಕೇಳಸಿತ್ತು" ಎಂದಳು ದಾಕ್ಷಾಯಿಣಿ. ಇಬ್ಬರಿಗೂ ನಗು ಬಂತು. ನಕ್ಕ ರಭಸಕ್ಕೆ ತಂಬಿಗೆಯ ನೀರು ತೊಟ್ಟಿಗೆ ಬೀಳದೆ ಹಿರಿಯಳ ಕಾಲ ಮೇಲೆ ಬಿತ್ತು.

ಬಿಸಿಲು ಇಳಿಮುಖವಾದಾಗ ಫ್ಯಾನು ಕಿರ್ರೆಂದಿತು. ಕರೆಂಟು! ಮಿಕ್ಸರಿನ ವಯರು ಹಿಡಿದ ಕೈಯೊಂದು, ಪಂಪಿನ ವಯರು ಹಿಡಿದ ಕೈಯೊಂದು ಏಕಕಾಲಕ್ಕೆ ಆ ಪ್ಲಗ್ಗಿನತ್ತ ಚಾಚಿ, ಏಕಕಾಲಕ್ಕೆ ನಿಂತವು.

"ನಿನ್ನ ಪಂಪ್ ಹಚ್ಚವಾ."

"ಬ್ಯಾಡ್ರಿ, ನಿಮ್ಮಣ್ಣಾರು ಬರೂ ಹೊತ್ತಾತು, ನೀವ ಹಚ್ರಿ."

"ಹಚ್ಚು ಅಂದ್ರ ಹಚ್ಚು!"

"ನಾ ಹಚ್ಚಂಗಿಲ್ರೀ, ನೀವ ಹಚ್ಚಬೇಕು!"

ಎರಡನೆಯ ಮಹಾಯುದ್ಧ, ಔದಾರ್ಯದ ಯುದ್ಧ, ಇನ್ನೇನು ಮೊದಲನೆಯದಕ್ಕಿಂತ ಘೋರವಾಗಲಿದ್ದಾಗ, ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ಧ್ಯಾನಸ್ಥನಾಗಿದ್ದ ಪರಶಿವನ ಜಟೆಯ ಹಿಂದಿನಿಂದ ಅಶರೀರವಾಣಿಯೊಂದು ಕೇಳಿಸಿತು:

"ಟಿಣ್."

ಇಬ್ಬರೂ ತಿರುಗಿದರು. ಶಿವನ ಕೊರಳ ಭಾಗದಲ್ಲಿ ಕಾಗದದ ಮೂಲಕ ನೀಲಿ ಬೆಳಕು ಮಿನುಗುತ್ತಿತ್ತು. ದಾಕ್ಷಾಯಿಣಿ ಕೈ ಮುಗಿಯಲೋ ಬೇಡವೋ ಎಂದು ಒಂದು ಕ್ಷಣ ತಡೆದು, ಆಮೇಲೆ ಕ್ಯಾಲೆಂಡರನ್ನು ಎತ್ತಿದಳು. ಹಿಂದೆ ಗೋಡೆಯಲ್ಲೊಂದು ಗೂಡು. ಗೂಡಿನಲ್ಲಿ ಬೆಳ್ಳಗೆ ಹೊಳೆಯುವ ಹೊಚ್ಚ ಹೊಸ ಪ್ಲಗ್ಗು. ಪ್ಲಗ್ಗಿನಲ್ಲಿ ಚಾರ್ಜರು, ಚಾರ್ಜರಿನಲ್ಲಿ ವಿರೂಪಾಕ್ಷಪ್ಪನ ಮೊಬೈಲು, ಪಕ್ಕದಲ್ಲಿ ಅರ್ಧ ತಿಂದ ಖಾರಾ ಚೂಡಾದ ಪೊಟ್ಟಣ.

ಕರೆಂಟು ಬಂದದ್ದು ಕಂಡು ಮೊಬೈಲು ನೋಡಲೆಂದೇ ಒಳಬಂದ ಯಜಮಾನನು ಹೊಸ್ತಿಲ ಮೇಲೆ ಒಂದು ಕಾಲಿಟ್ಟು ಕಲ್ಲಾದ.

"ಇದನ್ನ ಯಾವಾಗ ಹಾಕ್ಸೀರಿ?" ಎಂದಳು ಧರ್ಮಪತ್ನಿ, ಅತ್ಯಂತ ಮೆಲುದನಿಯಲ್ಲಿ.

"ಹ್ವಾದ ದೀಪಾವಳಿಗೆ… ಬಣ್ಣಾ ಹಚ್ಚೂವಾಗ. ಹೇಳಬೇಕಂತ ಮಾಡಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನನ್ನ ಮೊಬೈಲಿಗೆ ಜಾಗಾ ಉಳೀತಿತ್ತೇನು ಈ ಮನ್ಯಾಗ?"

ಈವರೆಗೆ ಪರಸ್ಪರರ ಮೇಲೆ ಹರಿದ ಶಸ್ತ್ರಾಸ್ತ್ರಗಳೆಲ್ಲ, ಕಬಡ್ಡಿಯ ಹಾವೇರಿಯೂ ಒರಳಿನ ಬೆಟಗೇರಿಯೂ ಒಂದಾಗಿ ಆತನ ಮೇಲೆ ಎರಗಿದ ಬಗೆಯನ್ನು ವರ್ಣಿಸಲು ಈ ಕವಿಗೆ ನಾಲಗೆ ಸಾಲದು. ಚೂಡಾ ಜಪ್ತಿಯಾಯಿತು ಎಂಬಲ್ಲಿಗೆ ನಿಲ್ಲಿಸುತ್ತೇನೆ.

ಗೂಡಿನ ಪ್ಲಗ್ಗಿಗೆ ಪಂಪು ಹೋಯಿತು, ಹಳೆಯದಕ್ಕೆ ಮಿಕ್ಸರು. ಹೂರಣ ಮಾತ್ರ ಗಟ್ಟಿಯಾಗಿ ಹೋಗಿತ್ತು. ದಾಕ್ಷಾಯಿಣಿಯ ಅಣ್ಣನು ಸಂಜೆಯ ಹೊತ್ತಿಗೆ ಬಂದು, ಹೋಳಿಗೆಯಲ್ಲಿ ಸಿಕ್ಕ ಬೇಳೆಯ ಚೂರುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು, ಎರಡನೆಯದನ್ನೂ ಹಾಕಿಸಿಕೊಂಡು ಉಂಡ. ಉಂಡೆದ್ದು ತೊಟ್ಟಿಯ ಮುಂದೆ ನಿಂತು, "ಇಷ್ಟ ಸಣ್ಣೂವೇನವಾ ಇವು?" ಎಂದ. ಈ ಗಾಥೆಯನ್ನು ಓದಿದವರಿಗೆ ಪುಣ್ಯಲೋಕವೇನೂ ಸಿಗದು; ತಮ್ಮ ಮನೆಯ ಕ್ಯಾಲೆಂಡರನ್ನೊಮ್ಮೆ ಎತ್ತಿ ನೋಡಿದರೆ ಕವಿಯ ಶ್ರಮ ಸಾರ್ಥಕ.

ಗೃಹಯಜಮಾನ ವಿರೂಪಾಕ್ಷಪ್ಪನು ಅಂದಿನಿಂದ ಮೊಬೈಲನ್ನು ಎದುರಿನ ಹೇರ್ ಕಟಿಂಗ್ ಅಂಗಡಿಯಲ್ಲಿ ಚಾರ್ಜಿಗೆ ಹಚ್ಚುತ್ತಾನೆ. ಯಾರಾದರೂ ಗಡ್ಡಕ್ಕೆ ಬಂದು ಕೂತರೆ ಅಂಗಡಿಯವನು ಅದನ್ನು ಕಿತ್ತು, ಟ್ರಿಮ್ಮರು ಹಚ್ಚಿಕೊಂಡು, ಮೊಬೈಲನ್ನು ಯಜಮಾನನ ಕೈಗೇ ಕೊಡುತ್ತಾನೆ.