ತುಳುಕದ ಲೋಟ

ಗಡಿಯಾರ ರಿಪೇರಿಯವನು ತುಂಬಿದ ನೀರಿನ ಲೋಟ ಹಿಡಿದು ಹೆಂಡತಿಯ ಮುಂದೆ ನಿಂತು ಭೀಷ್ಮ ಪ್ರತಿಜ್ಞೆ ಮಾಡಿದ.

"ಇದರಲ್ಲಿ ಒಂದು ಹನಿ ತುಳುಕದ ಹಾಗೆ ಅಮ್ಮನ್ನ ದೊಡ್ಡಮ್ಮನ ಮನೆಗೆ ಕರ್ಕೊಂಡು ಹೋಗ್ತೀನಿ."

"ಲೋಟ ಇಲ್ಲೇ ಇಡಿ. ಅಮ್ಮನ್ನ ಕರ್ಕೊಂಡು ಹೊರಡಿ," ಎಂದಳು ಹೆಂಡತಿ. "ಅಲ್ಲಿ ಅವರು ಕಾಯ್ತಿದ್ದಾರೆ."

ದೊಡ್ಡಮ್ಮ, ಅಂದರೆ ಅಮ್ಮನ ಒಬ್ಬಳೇ ಅಕ್ಕ, ಬಂದರಿನ ಊರಿನಲ್ಲಿ ಹಾಸಿಗೆ ಹಿಡಿದಿದ್ದಳು. ಇಡೀ ಹಗಲಿನ ದಾರಿ. ಅಮ್ಮನಿಗೆ ಕಣ್ಣು ಹೋಗಿ ವರ್ಷಗಳಾಗಿದ್ದವು. ಈಚೆಗೆ ಸೊಂಟದ ಮೂಳೆಯೂ ಮುರಿದು ಕೂಡಿತ್ತು. ಹೋಗಬೇಕಾದ ವಾಹನವೋ, ಅಪ್ಪ ಬಿಟ್ಟುಹೋದ ಮನೆಗಾಡಿ. ಬಸ್ ಡ್ರೈವರಾಗಿದ್ದ ಅಪ್ಪ, ತಾನು ಜೀವಮಾನವಿಡೀ ಓಡಿಸಿದ ಬಸ್ಸು ಗುಜರಿಗೆ ಹೊರಟಾಗ ಅದನ್ನೇ ಕೊಂಡು, ಡ್ರೈವರ್ ಹಿಂದಿನದೊಂದು ಬಿಟ್ಟು ಸೀಟೆಲ್ಲ ಕಿತ್ತು, ಮಂಚ, ಒಲೆ, ಬೀರು ಕೂರಿಸಿ ಚಲಿಸುವ ಸಂಸಾರ ಹೂಡಿದ್ದ. ಅದು ಹೊರಟರೆ ಒಳಗಿನ ಪಾತ್ರೆಗಳಿಗೆಲ್ಲ ಹಳೇ ಜಗಳ ನೆನಪಾಗುತ್ತಿತ್ತು. ತಿರುವು ಬಂದರೆ ಗಾಡಿ ಕುಡುಕ ನೆಂಟನಂತೆ ಪಕ್ಕದವರ ಹೆಗಲಿಗೆ ಒರಗುತ್ತಿತ್ತು.

"ಈ ಗಾಡಿಯ ಸ್ಪ್ರಿಂಗ್ ಸರಿಮಾಡೋದು ನಿಮ್ಮ ಕೈಲಾಗಲ್ಲ," ಎಂದಳು ಹೆಂಡತಿ.

"ಸ್ಪ್ರಿಂಗ್ ವಿಷಯ ನನಗೆ ಹೇಳಿಕೊಡ್ತೀಯಾ? ಹುಟ್ಟಿದಾಗಿನಿಂದ ಸ್ಪ್ರಿಂಗ್ ಜೊತೆ ಬಾಳ್ತಿದ್ದೀನಿ."

"ಅವು ಊದಿದ್ರೆ ಹಾರಿಹೋಗೋ ಸ್ಪ್ರಿಂಗು ಕಣ್ರೀ."

ಅವನು ಗಾಡಿಯ ಕೆಳಗೆ ನುಗ್ಗಿದ. ಸ್ಪ್ರಿಂಗಿನ ದಣಿದ ಕಮಾನು ಪಟ್ಟಿಗಳನ್ನು ಬದಲಿಸಿ, ಪಕ್ಕದಲ್ಲಿ ಕುಲುಕು ನುಂಗಲು ಗಾಳಿ ತುಂಬುವ ರಬ್ಬರ್ ಚೀಲಗಳನ್ನು ಕೂರಿಸಿದ. ತೂಕ ಮೇಲಿದ್ದರೆ ಗಾಡಿ ತೂಗುತ್ತದೆಂದು ನೆತ್ತಿಯ ಮೇಲಿದ್ದ ನೀರಿನ ಟ್ಯಾಂಕನ್ನು ಕೆಳಗಿಳಿಸಿದ. ಈಗ ನಲ್ಲಿಯಲ್ಲಿ ನೀರು ಬರಲಿಲ್ಲ. ಪಂಪು ಹಾಕಿದ. ಪಂಪಿನ ಭಾರಕ್ಕೆ ಗಾಡಿ ಎಡಕ್ಕೆ ವಾಲಿತು. ಒಲೆಯನ್ನು ಬಲಕ್ಕೆ ಸರಿಸಿದ. ಈಗ ಬೀರುವಿನ ಬಾಗಿಲು ತೆಗೆಯಲು ಬರಲಿಲ್ಲ. ಬೀರು ಮಂಚದ ಜಾಗಕ್ಕೆ, ಮಂಚ ಬೀರುವಿನ ಜಾಗಕ್ಕೆ ಹೋದವು. ತಟ್ಟೆಗಳ ನಡುವೆ ಬಟ್ಟೆ ತುರುಕಿದ. ಕಿಟಕಿಗಳ ಸಂದಿಗೆಲ್ಲ ರಬ್ಬರ್ ಒತ್ತಿದ.

ಸಂಜೆಯಾದರೆ ಅಮ್ಮ ಬಾಗಿಲಿಗೆ ಬಂದು ಕೂರುತ್ತಿದ್ದಳು. "ಆಯ್ತೇನೋ ಮಗು?"

"ಇನ್ನೊಂದು ಚೂರು, ಅಮ್ಮ."

"ಗಾಡಿ ಏನೋ ಕಾಯುತ್ತೆ ರೀ," ಎಂದಳು ಹೆಂಡತಿ, ಅಮ್ಮನಿಗೆ ಕೇಳದಂತೆ.

ಕೊನೆಗೂ ಒಂದು ಮುಂಜಾನೆ ಹೊರಟರು. ಅಮ್ಮ ಡ್ರೈವರ್ ಹಿಂದಿನ ತನ್ನ ಖಾಯಂ ಸೀಟಿನಲ್ಲಿ, ಪಕ್ಕದಲ್ಲಿ ತುಂಬಿದ ಲೋಟ. ಗಾಡಿ ಬೆಣ್ಣೆಯಲ್ಲಿ ಕೂದಲೆಳೆದಂತೆ ಹೋಯಿತು. ಅವನು ಕನ್ನಡಿಯಲ್ಲಿ ಲೋಟವನ್ನೇ ನೋಡುತ್ತ ಮೀಸೆಯಡಿ ನಗುತ್ತಿದ್ದ.

"ಯಾಕೋ ಇನ್ನೂ ಹೊರಡಲಿಲ್ಲ?" ಎಂದಳು ಅಮ್ಮ.

"ಅಯ್ಯೋ, ಸೇತುವೆ ದಾಟಿ ಆಯ್ತಲ್ಲಮ್ಮ."

"ಸೇತುವೆ ನಂಗೆ ಗೊತ್ತಿಲ್ವಾ? ಮೊದಲು ಎರಡು ಸಲ ಎತ್ತಿ ಕುಕ್ಕುತ್ತೆ, ಆಮೇಲೆ ಉದ್ದಕ್ಕೂ ನಡುಕ. ನಿಮ್ಮಪ್ಪನ ಹಿಂದೆ ಕೂತು ಈ ದಾರಿ ಎಷ್ಟು ಸಲ ಹೋಗಿಲ್ಲ ನಾನು?"

ಅವನು ಕಿಟಕಿ ತೆರೆದ. "ನೋಡಮ್ಮ, ಗಾಳಿ."

"ಗಾಳಿ ಅಂಗಳದಲ್ಲೂ ಬೀಸುತ್ತೆ." ಅಮ್ಮನ ದನಿ ಇಳಿಯಿತು. "ಅಕ್ಕ ಹೋಗಿಬಿಟ್ಳು, ಅಲ್ವೇನೋ? ಅದಕ್ಕೇ ಬರೀ ಇಂಜಿನ್ ಚಾಲೂ ಮಾಡಿ ನನ್ನ ಕೂರಿಸಿದ್ದೀಯ."

"ಇಲ್ಲ ಅತ್ತೆ, ನನ್ನಾಣೆ, ಇದ್ದಾರೆ. ಬೆಳಿಗ್ಗೆ ಫೋನ್ ಮಾಡಿದ್ದೆ."

"ನೀನು ಗಂಡನ ಕಡೆಯವಳು, ಬಿಡು. ನನ್ನ ಇಳಿಸಿ."

ಕಾಣದ ಕಣ್ಣಿಂದಲೂ ನೀರು ಬರುತ್ತದೆ. ಕನ್ನಡಿಯಲ್ಲಿ ಅವನಿಗೆ ಈಗ ಲೋಟ ಕಾಣಲಿಲ್ಲ. ಗಾಡಿ ನಿಲ್ಲಿಸಿ, ಕೆಳಗೆ ತೂರಿ, ಅಷ್ಟು ಮುದ್ದಿನಿಂದ ಕೂರಿಸಿದ್ದ ಚೀಲಗಳ ಗಾಳಿ ಬಿಟ್ಟ. ಆಮೇಲೆ ಚಕ್ರಗಳನ್ನು ರಸ್ತೆಯ ಮುರಿದ ಅಂಚಿಗೆ ಇಳಿಸಿದ. ಲೋಟ ಧೊಪ್ಪನೆ ಉರುಳಿತು.

"ಹಾಂ," ಎಂದಳು ಅಮ್ಮ, ಸೊಂಟ ಹಿಡಿದುಕೊಂಡು. "ಈಗ ಹೊರಟ್ತು."

ಜೀವಮಾನವಿಡೀ ಗುಂಡಿ ತಪ್ಪಿಸಿದವನು ಅಂದು ಗುಂಡಿ ಹುಡುಕುತ್ತ ಓಡಿಸಿದ. ಹೆಂಡತಿ ಮುಂದೆ ಬಗ್ಗಿ ಕಾವಲು ಕೂತಳು: "ಎಡಗಡೆ ಒಂದು ಒಳ್ಳೇದಿದೆ ರೀ, ಬಿಡಬೇಡಿ." ಅಮ್ಮ ಪ್ರತಿ ಕುಕ್ಕಿಗೂ ಊರು ಗುರುತಿಸಿದಳು. ಇದು ಇಟ್ಟಿಗೆ ಗೂಡು. ಇದು ರೈಲು ಹಳಿ. ಇಲ್ಲಿ ನಿಮ್ಮಪ್ಪ ತಪ್ಪದೆ ಯಾರನ್ನೋ ಬೈತಿದ್ರು. ಅರ್ಧ ಗುರುತು ತಪ್ಪು. ಗಂಡ ಹೆಂಡಿರು ಎಲ್ಲಕ್ಕೂ ಹೂಂ ಎಂದರು.

ಸಂಜೆ ದೊಡ್ಡಮ್ಮನ ಮಗಳು ಗೇಟಿನಲ್ಲಿ ನಿಂತಿದ್ದಳು. ಮುಖ ನೋಡಿದರೆ ಸಾಕಿತ್ತು.

"ಮಧ್ಯಾಹ್ನ ಹೋದ್ರು, ಚಿಕ್ಕಮ್ಮ. ನೀವು ದಾರಿಯಲ್ಲಿದ್ರಲ್ಲ, ಅದಕ್ಕೇ ಫೋನ್ ಮಾಡಿ ತಿಳಿಸಲಿಲ್ಲ. ವಾರದಿಂದ ಅವರ ಕಿವಿ ರಸ್ತೆಗೇ ಇತ್ತು. ನಮ್ಮವಳ ಗಾಡಿ ತಿರುವಲ್ಲೇ ಗೊತ್ತಾಗುತ್ತೆ, ಪಾತ್ರೆಯೆಲ್ಲ ಬಡ್ಕೊಳ್ಳುತ್ತೆ ಅಂತಿದ್ರು."

ಅಮ್ಮ ದನಿ ಬಂದ ಕಡೆ ತಿರುಗಿದಳು. "ಬೆಳಿಗ್ಗೆ ನಾವು ಹೊರಟಾಗ ಇದ್ಲಾ?"

"ಇದ್ರು."

ಅಮ್ಮ ತಡವುತ್ತ ಮಗನ ತೋಳು ಹಿಡಿದಳು. "ನೀನು ಸುಳ್ಳು ಹೇಳಿರಲಿಲ್ಲ, ಬಿಡು."

ಎಲ್ಲ ಮುಗಿದು ವಾಪಸು ಹೊರಡುವಾಗ ಹೆಂಡತಿ ಲೋಟಕ್ಕೆ ನೀರು ತುಂಬಿ ಅತ್ತೆಯ ಪಕ್ಕದಲ್ಲಿಟ್ಟಳು. ಅವನು ಅಭ್ಯಾಸಬಲದಿಂದ ರಸ್ತೆಯ ಅಂಚಿಗೆ ಚಕ್ರ ಇಳಿಸಿದ.

"ಬೇಡ ಕಣೋ," ಎಂದಳು ಅಮ್ಮ. "ಈಗ ಮೆತ್ತಗೇ ಓಡಿಸು. ಎಲ್ಲಿದ್ದೀವಿ ಅಂತ ನಂಗೆ ಗೊತ್ತಾಗೋದು ಬೇಡ."

ಅವನು ಇಳಿದು, ಕಾಲಿನ ಪಂಪು ತುಳಿದು, ಚೀಲಗಳಿಗೆ ಮತ್ತೆ ಗಾಳಿ ತುಂಬಿದ. ಮನೆ ಮುಟ್ಟುವವರೆಗೆ ಲೋಟದ ನೀರಂತೂ ಒಂದು ಹನಿಯೂ ತುಳುಕಲಿಲ್ಲ.