ಐವತ್ತನೆಯ ಟ್ರೋಫಿ ಮತ್ತು ಅತ್ತೆಯ ಸೋಮವಾರ

ನಮ್ಮ ಸೋದರತ್ತೆಯ ಹೆಸರಿನಲ್ಲಿ ನಲವತ್ತೊಂಬತ್ತು ಟ್ರೋಫಿಗಳಿವೆ. ಕುಸ್ತಿಯಲ್ಲಿ ಗೆದ್ದದ್ದಲ್ಲ, ಭಜನಾ ಸ್ಪರ್ಧೆಯಲ್ಲೂ ಅಲ್ಲ. ಕಾಗವಾಡದ ತನ್ನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು, ಟಿವಿಯ ಮುಂದೆ ಕಾಲು ಚಾಚಿ, ವಿಡಿಯೋ ಗೇಮ್ ಆಡಿ ಗೆದ್ದದ್ದು! ವಯಸ್ಸು ಅರವತ್ತೆರಡು. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಆಮೇಲೆ ನಿಮ್ಮ ಮನೆಯಲ್ಲಿ ಯಾರಿಗೆ ಎಷ್ಟು ಟ್ರೋಫಿ ಬಂದಿವೆ ಎಂದು ನಾನು ತಿರುಗಿ ಕೇಳಿದರೆ ಮುಜುಗರ ನಿಮಗೇ.

ಆ ಯಂತ್ರವನ್ನು ಅತ್ತೆ ಕೊಂಡದ್ದಲ್ಲ. ಗೊಬ್ಬರದಂಗಡಿಯವರು ಲಕ್ಕಿ ಡ್ರಾ ಇಟ್ಟಿದ್ದರು. ಮೊದಲ ಬಹುಮಾನ ಬೈಕು, ಎರಡನೆಯದು ಫ್ರಿಜ್ಜು, ಮೂರನೆಯದು ಏನೆಂದು ಅಂಗಡಿಯವನಿಗೂ ಗೊತ್ತಿಲ್ಲದ ಈ ಕರಿ ಡಬ್ಬಿ. ಅತ್ತೆಗೆ ಬಂದದ್ದು ಮೂರನೆಯದು. ಅಂಗಡಿಯವನೇ ಮರುಗಿ, "ಅಕ್ಕಾರ, ಇದರ ಬದ್ಲಿ ದ್ರಾಕ್ಷಿಗೆ ಔಷಧ ಹೊಡಿಯೋ ಪಂಪ್ ಒಯ್ರಿ" ಎಂದ.

"ಯಾಕ? ನಂಗ ಆಡಾಕ ಬರೂದಿಲ್ಲಂತ ಇದರ ಮ್ಯಾಲ ಬರದೈತೇನ?" ಎಂದು ಅತ್ತೆ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದಳು.

ಅದರ ಜೊತೆಗೆ ಬಂದಿದ್ದ ಒಂದೇ ಆಟ ಒಕ್ಕಲುತನದ್ದು. ಪರದೆಯ ಮೇಲೆ ಒಂದು ಹೊಲ, ಒಂದು ಬಾವಿ, ಒಂದು ಎಮ್ಮೆ, ಒಂದು ಜೋಡಿ ಎತ್ತು. ಹೇಳಿದ ಕೆಲಸ ಮಾಡಿದರೆ ಒಂದೊಂದು ಟ್ರೋಫಿ. ಐವತ್ತೂ ಬಂದರೆ ಬಂಗಾರದ ಕಿರೀಟ. ಚಿಕ್ಕೋಡಿಯಲ್ಲಿ ಮಾಸ್ತರಿಕೆ ಮಾಡುವ ನಾನು ರವಿವಾರಕ್ಕೊಮ್ಮೆ ಹೋಗಿ ಇಂಗ್ಲಿಷ್ ಓದಿ ಹೇಳಬೇಕು. ಮೊದಲ ದಿನವೇ ಅತ್ತೆ ಯಾವುದೋ ಗುಂಡಿ ಒತ್ತಿ ಬಾವಿಗೆ ಬಿದ್ದಳು. ಟಣ್ ಎಂದು ಸದ್ದಾಗಿ ಟ್ರೋಫಿ ಬಂತು!

"ಬಾವ್ಯಾಗ ಬಿದ್ರ ಬಹುಮಾನ ಕೊಡ್ತಾರ? ಎಂಥಾ ಮಂದೀ ಅದಾರಲೇ ಇವರು!" ಎಂದು ಬೈದಳು. ಬೈದರೂ ಓಣಿಗೆಲ್ಲ ಪೇಢೆ ಹಂಚಿದಳು. ಅಲ್ಲಿಂದ ಮುಂದೆ ಟ್ರೋಫಿ ಬಂದಾಗಲೆಲ್ಲ ಪೇಢೆ. ಯಾರಿಗೂ ಕಾರಣ ತಿಳಿಯದು, ಯಾರೂ ತಿನ್ನದೆ ಬಿಡರು.

ಅತ್ತೆಯ ಮಗಳನ್ನು ನೋಡಲು ಅಥಣಿಯಿಂದ ಗಂಡಿನ ಕಡೆಯವರು ಬಂದ ದಿನವನ್ನಂತೂ ನಾನು ಮರೆಯಲಾರೆ. ಅತ್ತೆ ಚಾಪೆ ಬಿಟ್ಟು ಏಳಲಿಲ್ಲ. "ಚಾ ಕುಡೀರಿ, ಬಂದೆ. ಎಮ್ಮಿ ಈಯಾಕತ್ತೈತಿ" ಎಂದಳು. ಗಂಡಿನ ತಂದೆ ಹಗಲೆಲ್ಲ ಹೊಲದಲ್ಲಿ ದುಡಿಯುವ ಮನುಷ್ಯ. ಇಂಥ ಮಾತು ಕೇಳಿ ಸುಮ್ಮನೆ ಕೂತಾರೆಯೇ? ಕಪ್ಪು ಕೆಳಗಿಟ್ಟು, ಧೋತರ ಎತ್ತಿ ಕಟ್ಟಿ, ನೇರ ಹಿತ್ತಲ ಕೊಟ್ಟಿಗೆಗೆ ಓಡಿದರು. ಅಲ್ಲಿದ್ದದ್ದು ಎರಡು ಎತ್ತು! ಮರಳಿ ಬಂದು, ಟಿವಿ ನೋಡಿ, ವಿಷಯ ತಿಳಿದು, ನಾವೆಲ್ಲ ಇನ್ನೇನು ಸಂಬಂಧ ಮುರಿಯಿತು ಎಂದುಕೊಳ್ಳುವಷ್ಟರಲ್ಲಿ ಅವರೂ ಚಾಪೆಯ ಮೇಲೆ ಕೂತರು. ಕರು ಎದ್ದು ನಿಂತ ಮೇಲೇ ಹೆಣ್ಣು ನೋಡುವ ಮಾತು. ಮದುವೆಯೂ ಆಯಿತು.

ಹೀಗೆ ನಲವತ್ತೊಂಬತ್ತಾದವು. ಐವತ್ತನೆಯದನ್ನು ಓದಿ ಹೇಳಿದೆ: ಇಡೀ ಒಂದು ವರ್ಷ, ಒಂದು ದಿನವೂ ಬಿಡದೆ ಎತ್ತು ಹೂಡಬೇಕು.

"ಸೋಮಾರ?"

"ಸೋಮಾರನೂ, ಅತ್ತಿ."

ಅತ್ತೆ ರಿಮೋಟು ಕೆಳಗಿಟ್ಟಳು. "ಸೋಮಾರ ಬಸವಣ್ಣನ ವಾರ. ಎತ್ತಿನ ಹೆಗಲ ಮ್ಯಾಲ ನೊಗ ಇಡೂದಿಲ್ಲ." ನಮ್ಮ ಕಡೆ ಒಕ್ಕಲುತನದ ಮನೆಗಳ ಕಟ್ಟಳೆ ಅದು. ಅವತ್ತು ಎತ್ತುಗಳಿಗೆ ಸ್ನಾನ, ಮೇವು, ವಿಶ್ರಾಂತಿ.

"ಅತ್ತೀ, ಇವು ಟಿವ್ಯಾಗಿನ ಎತ್ತು!"

"ಟಿವ್ಯಾಗಿನ ಎಮ್ಮಿ ಈದಾಗ ಪೇಢೆ ತಿಂದಿ. ಆಗ ನೆನಪಾಗಲಿಲ್ಲೇನ ಮಾಸ್ತರ?"

ಆಟದ ಒಂದು ವರ್ಷ ಮುಗಿಯಲು ನಮ್ಮ ಎರಡು ತಿಂಗಳು ಬೇಕು. ಅಂಥ ಮೂರು ವರ್ಷ ಆಡಿದಳು. ಮೂರರಲ್ಲೂ ಪ್ರತಿ ಸೋಮವಾರ ಎತ್ತು ಬಿಚ್ಚಿ ನೆರಳಿಗೆ ಕಟ್ಟಿದಳು. ಟ್ರೋಫಿ ಬರಲಿಲ್ಲ. ತಪ್ಪು ತನ್ನದಲ್ಲ, ಆಟದ್ದು ಎಂದು ಕಂಪನಿಗೆ ನನ್ನಿಂದ ಕಾಗದ ಬರೆಸಿದಳು: ನಿಮ್ಮ ಆಟ ಚೊಲೋ ಐತಿ, ಆದರ ಏಳೂ ದಿನ ಎತ್ತು ದುಡಸೂದು ಮನಷ್ಯಾರ ಲಕ್ಷಣ ಅಲ್ಲ, ತಿದ್ದಿಕೊಳ್ಳಿರಿ. ಇಂಗ್ಲಿಷಿಗೆ ಇಳಿಸುವಷ್ಟರಲ್ಲಿ ನಾನು ಬೆವತುಹೋದೆ. ಉತ್ತರವೂ ಬಂತು. ಯಂತ್ರವನ್ನು ಒಮ್ಮೆ ಬಂದ್ ಮಾಡಿ ಮತ್ತೆ ಚಾಲೂ ಮಾಡಿ ನೋಡಿ ಎಂದಿತ್ತು.

"ಬಂದ್ ಮಾಡಿ ಚಾಲೂ ಮಾಡಿದ್ರ ಸೋಮಾರ ಹೋಗತೈತೇನ?" ಎಂದಳು ಅತ್ತೆ.

ಈ ವರ್ಷ ಅವಳ ಬಲಗೈ ಹೆಬ್ಬೆರಳು ಊದಿತು. ನಲವತ್ತು ವರ್ಷ ದ್ರಾಕ್ಷಿ ಬಳ್ಳಿ ಕತ್ತರಿಸಿದ ಕೈ. ಅದರ ಮೇಲೆ ಈ ಗುಂಡಿಗಳು. ಮಿರಜಿನ ಡಾಕ್ಟರು ಕೀಲು ಸವೆದಿದೆ, ಆಟ ಬಿಡಬೇಕು ಎಂದರು. ಅತ್ತೆ ಚೌಕಾಸಿ ಮಾಡಿ ಕೊನೆಯದಾಗಿ ಆಟದ ಒಂದೇ ಒಂದು ವರ್ಷಕ್ಕೆ ಅವರನ್ನು ಒಪ್ಪಿಸಿದಳು. ಮಾವ ಕೈ ಮುಗಿಯುವುದೊಂದು ಬಾಕಿ: "ಆತಾ ಪುರೆ, ಸಾಕಿನ್ನ. ಈ ಸಲ ಸೋಮಾರನೂ ಹೂಡು, ಗೆದ್ದ ಬಿಡು."

"ನನಗ ಬ್ಯಾಡಂತ ತಿಳದೀರೇನ? ಕನಸಿನ್ಯಾಗ ಬರತೈತಿ ಆ ಕಿರೀಟ" ಎಂದಳು ಅತ್ತೆ. ಅವಳು ಹಾಗೆ ಆಸೆ ತೋರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೆರಳಿಗೆ ಬಟ್ಟೆ ಸುತ್ತಿಕೊಂಡು ಶುರು ಮಾಡಿದಳು. ಮಂಗಳವಾರದಿಂದ ರವಿವಾರದ ತನಕ ಹೂಡಿದಳು. ಪರದೆಯ ಮೇಲೆ ಸೋಮವಾರದ ಸೂರ್ಯ ಹುಟ್ಟಿದ. ನಾನೂ ಮಾವನೂ ಟಿವಿಯ ಹತ್ತಿರ ಸರಿದೆವು. ಅತ್ತೆ ಎತ್ತುಗಳನ್ನು ನೆರಳಿಗೆ ಕಟ್ಟಿ ರಿಮೋಟು ಕೆಳಗಿಟ್ಟಳು.

ನನಗೆ ಸಿಟ್ಟು ನೆತ್ತಿಗೇರಿತು. "ಅತ್ತೀ, ಇದು ಕಡೀ ಆಟ! ಬೆರಳ ಹ್ವಾದ ಮ್ಯಾಲ ಏನ ಮಾಡ್ತಿ? ಕೊಡ ಇಲ್ಲಿ, ನಾನ ಹೂಡ್ತೀನಿ" ಎಂದು ರಿಮೋಟು ಕಸಿದುಕೊಂಡೆ.

ಅವಳು ಬೈಯಲಿಲ್ಲ. "ನನ್ನ ಒಂದ ಬೆರಳ ಬ್ಯಾನಿಗೆ ಮನಿಮಂದೆಲ್ಲ ಬಿಡು, ಬಿಡು ಅನ್ನಾಕತ್ತೀರಿ. ಆ ಎತ್ತಿಗೆ ಬಿಡು ಅನ್ನಾಕ ನನ್ನ ಬಿಟ್ರ ಯಾರ ಅದಾರೋ?" ಎಂದಳು.

ನಾನು ರಿಮೋಟು ಕೆಳಗಿಟ್ಟೆ. ಐವತ್ತನೆಯದು ಬರಲಿಲ್ಲ, ಇನ್ನು ಬರುವುದೂ ಇಲ್ಲ. ಬಾರದಿದ್ದರೆ ನಷ್ಟ ಆ ಕಿರೀಟಕ್ಕೆ! ಅಡುಗೆಮನೆಯಿಂದ ಬೆಚ್ಚನೆಯ ಎಣ್ಣೆ ತಂದು, ಬೆರಳಿನ ಬಟ್ಟೆ ಬಿಚ್ಚಿ, ತಿಕ್ಕುತ್ತಾ ಕೂತೆ. ಅತ್ತೆ ಕಣ್ಣು ಮುಚ್ಚಿದಳು. ಊರಿಗೆಲ್ಲ ಎದುರು ಮಾತನಾಡುವ ಹೆಂಗಸಿನ ಕೈ ಎಷ್ಟು ಸಣ್ಣದು ಎಂಬುದು ನನಗೆ ಅವತ್ತೇ ಗೊತ್ತಾದದ್ದು.