ದೆವ್ವದ ಕಾದಂಬರಿ ಬರೆಯುವವಳ ಮನೆಗೆ ಬಂದವರು

ನಾನು ದೆವ್ವದ ಕಾದಂಬರಿ ಬರೆಯುತ್ತೇನೆ. ಮದುವೆಯಾಗಿ ಹುಣಸೂರಿಗೆ ಬಂದಾಗಿನಿಂದ ಇದೇ ಕೆಲಸ. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ದಾರಕ್ಕೆ ಕ್ಲಿಪ್ಪು ಹಾಕಿ ನೇತುಹಾಕುತ್ತಿದ್ದ ಅಂಗೈಯಗಲದ ಪುಸ್ತಕಗಳ ಕಾಲದಲ್ಲಿ ಶುರುಮಾಡಿದವಳು. ಈಗ ಆ ಜಾಗದಲ್ಲಿ ಚಿಪ್ಸ್ ಪೊಟ್ಟಣ ನೇತಾಡುತ್ತವೆ, ನನ್ನ ದೆವ್ವಗಳು ಹೆಚ್ಚಾಗಿ ಮೊಬೈಲಿನಲ್ಲಿ ಓಡಾಡುತ್ತವೆ. ಇಷ್ಟು ವರ್ಷದಲ್ಲಿ ಒಂದೇ ಒಂದು ದೆವ್ವ ಬಂದು ನನ್ನ ಬಗ್ಗೆ ಯಾಕೆ ಹೀಗೆ ಬರೆದೆ ಎಂದು ಕೇಳಿದ್ದಿಲ್ಲ. ಕೇಳಲು ಬರುವವರೆಲ್ಲ ಮನುಷ್ಯರೇ, ಮತ್ತು ಅವರು ಬರುವುದನ್ನು ನಿಲ್ಲಿಸುವ ಲಕ್ಷಣವೇ ಇಲ್ಲ.

ಸಾಹಿತಿಗಳು ಮನೇಲವ್ರಾ?

ಪುಸ್ತಕದ ಮೇಲೆ ನನ್ನ ಹೆಸರಿನ ಇನಿಷಿಯಲ್ ಮಾತ್ರ ಇರುತ್ತದೆ. ಹಾಗಾಗಿ ಓದುವವರೆಲ್ಲ ಬರೆದವರು ಗಂಡಸು ಅಂದುಕೊಂಡಿದ್ದಾರೆ. ನನ್ನ ಯಜಮಾನರದ್ದು ಬಟ್ಟೆ ಅಂಗಡಿ. ಅವರು ನನ್ನ ಒಂದು ಪುಸ್ತಕವನ್ನೂ ಪೂರ್ತಿ ಓದಿಲ್ಲ. ಓದಿದರೆ ಬಚ್ಚಲಿಗೆ ಹೋಗಲೂ ಜೊತೆಗೆ ಜನ ಬೇಕಾಗುತ್ತದೆ.

ಒಂದು ಭಾನುವಾರ ಹಾರನಹಳ್ಳಿಯಿಂದ ಒಬ್ಬ ಓದುಗರು ಬಂದರು. ಬಂದವರೇ ಯಜಮಾನರ ಕಾಲಿಗೆ ಬಿದ್ದರು. ನಾನು ಕಾಫಿ ತರುವಷ್ಟರಲ್ಲಿ ಇವರ ಹೆಗಲಿಗೆ ಶಾಲು ಬಿದ್ದಿತ್ತು. ಇವರೂ ಬೇಡ ಅನ್ನದೆ ನೆಟ್ಟಗೆ ಕೂತಿದ್ದರು.

"ಸಾರ್, ಒಂದೇ ಒಂದು ಪ್ರಶ್ನೆ. ಆ ಮೋಹಿನಿ ಯಾವಾಗ ಸಿಟ್ಟಾಯ್ತದೆ, ಯಾವಾಗ ಸುಮ್ಕಾಯ್ತದೆ ಅಂತ ಅಷ್ಟು ಕರೆಕ್ಟಾಗಿ ಬರ್ದಿದ್ದೀರಲ್ಲ, ಎಂಗೆ ಸಾರ್ ಗೊತ್ತಾಯ್ತು?"

ಇವರು ಶಾಲು ಸರಿಮಾಡಿಕೊಂಡರು. ಕಾಫಿ ಹಿಡಿದು ನಿಂತಿದ್ದ ನನ್ನ ಕಡೆ ನೋಡಿದರು.

"ಮದುವೆಯಾದಾಗಿಂದ ಒಂದೇ ಮನೇಲಿ ಇದ್ದೀನಲ್ಲಪ್ಪ," ಅಂದರು.

ಭೇರ್ಯದ ಮರ

ಕೆ.ಆರ್. ನಗರದ ಕಡೆ ನಮ್ಮ ನೆಂಟರ ಮನೆಗೆ ಹೋಗುವಾಗ ಭೇರ್ಯದ ಹತ್ತಿರ ಬಸ್ಸಿನ ಕಿಟಕಿಯಿಂದ ಒಂದು ಹುಣಸೆಮರ ಕಂಡಿತ್ತು. ಗದ್ದೆ ಬದುವಿನ ಮೇಲೆ ಒಂಟಿಯಾಗಿ, ಸೊಂಟ ಬಗ್ಗಿಸಿ ನಿಂತಿತ್ತು. ಚೆನ್ನಾಗಿದೆಯಲ್ಲ ಅಂತ ಮುಂದಿನ ಕಾದಂಬರಿಯಲ್ಲಿ ಅದರ ಕೆಳಗೆ ಒಂದು ಕೆಂಪು ಸೀರೆಯ ದೆವ್ವವನ್ನು ನಿಲ್ಲಿಸಿದೆ. ಊರಿನ ಹೆಸರನ್ನೂ ಹಾಕಿದೆ, ಅದೇ ಎಡವಟ್ಟಾಯಿತು.

ನಾಟಿ ಕಾಲದಲ್ಲಿ ಆ ಗದ್ದೆಯ ರೈತರೊಬ್ಬರು, ಬರೆದವಳು ನಾನೇ ಎಂದು ಬಟ್ಟೆ ಅಂಗಡಿಯಲ್ಲಿ ಕೇಳಿ ತಿಳಿದು, ನಮ್ಮ ಮನೆ ಹುಡುಕಿಕೊಂಡು ಬಂದರು. ಕೂರಿ ಅಂದರೂ ಕೂರಲಿಲ್ಲ.

"ಏನವ್ವ ನೀವು ಮಾಡಿರೋದು? ನಾಟಿ ಹಾಕಕ್ಕೆ ಒಬ್ಬ ಎಂಗಸೂ ಬತ್ತಿಲ್ಲ. ಪೈರು ಸಸಿಮಡೀಲೇ ಬಲೀತಾ ಅದೆ. ಅದನ್ನ ಅಲ್ಲಿಂದ ಎಬ್ಬಿಸಿ."

"ಅದು ಕತೆ ಕಣ್ರೀ, ಅಲ್ಲಿ ಏನೂ ಇಲ್ಲ."

"ಇಲ್ಲ ಅಂತ ನಂಗೊತ್ತಿಲ್ವಾ? ಉಟ್ಟಿದಾಗಿಂದ ಅದೇ ಮರದ ಕೆಳಗೆ ಬುತ್ತಿ ಉಂಡಿವ್ನಿ. ಅವ್ರಿಗೆ ಯೋಳೋರು ಯಾರು? ಇರ್ಸಿರೋರು ನೀವು, ನೀವೇ ಎಬ್ಬಿಸ್ಬೇಕು."

ಅವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಅವತ್ತೇ ಕೂತು ಒಂದು ಮುಂದುವರಿದ ಭಾಗ ಬರೆದೆ. ಒಬ್ಬ ಸಾಧು ಬರುತ್ತಾನೆ, ಮರಕ್ಕೆ ಕುಂಕುಮ ಹಚ್ಚುತ್ತಾನೆ, ದೆವ್ವಕ್ಕೆ ಮೋಕ್ಷ ಸಿಗುತ್ತದೆ, ಹೋಗುವಾಗ ಅದು ಎಲ್ಲರಿಗೂ ಒಳ್ಳೆಯದಾಗಲಿ ಎಂದು ಹರಸಿ ಹೋಗುತ್ತದೆ. ಬೇಗ ಮೊಬೈಲಿನಲ್ಲೂ ಹಾಕಿಸಿದೆ. ಆಳುಗಳು ಬಂದರು, ನಾಟಿಯೂ ಆಯಿತು.

ಪೈರು ಮೊಣಕಾಲುದ್ದ ಬರುವ ಹೊತ್ತಿಗೆ ಅದೇ ರೈತರು ಮತ್ತೆ ಬಂದರು. ಈ ಸಲ ಕೂತರು, ನೀರು ಕೇಳಿ ಕುಡಿದರು.

"ಮಂಗಳವಾರ, ಶುಕ್ರವಾರ ಜನ ಬತ್ತಾವ್ರೆ ಕಣ್ರವ್ವ. ಮೋಕ್ಷ ಸಿಕ್ಕಿರೋ ಮರ ಅಂತ. ಮಕ್ಕಳಾಗದೋರು ತೊಟ್ಲು ಕಟ್ತಾವ್ರೆ, ಕಾಯಿ ಒಡೀತಾವ್ರೆ. ಎಲ್ಲಾ ನನ್ ಗದ್ದೆ ತುಳ್ಕಂಡೇ ಓಗ್ಬೇಕು."

"ಈಗ ನಾನೇನು ಮಾಡ್ಲಿ?"

"ಆ ದೆವ್ವನ್ನೇ ವಾಪಸ್ ಕಳ್ಸಿ. ಪಾಪ, ಅದು ಬದುವಿನ ಮೇಲೇ ನಿಂತಿರ್ತಿತ್ತು."

ಕೈಮುಗಿದ ಪಿಶಾಚಿ

ನನ್ನ ಪುಸ್ತಕಗಳ ಮುಖಪುಟ ಬರೆಯುವವರು ಹುಣಸೂರಿನವರೇ ಆದ ಒಬ್ಬ ಬೋರ್ಡ್ ಪೇಂಟರ್ ಭಾಯಿ. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ಕಡಿಮೆಯಾಗಿದೆ, ಆದರೂ ಕೈ ಮಾತ್ರ ಬಂಗಾರ. ಅವರು ಬರೆದ ಪಿಶಾಚಿಯ ಹಲ್ಲು ನೋಡಿದರೆ ನಮ್ಮ ಹಲ್ಲು ಜುಮ್ಮೆನ್ನುತ್ತದೆ.

ಪಂಚಾಯಿತಿ ಚುನಾವಣೆಯ ಸಮಯ. ಅಭ್ಯರ್ಥಿಯೊಬ್ಬರು ಊರೂರಿನ ಗೋಡೆಯ ಮೇಲೆ ತಮ್ಮ ಮುಖ ಬರೆಸಲು ಇವರನ್ನು ಕರೆದೊಯ್ದರು. ವಾಪಸ್ ಬಂದ ದಿನವೇ ನನ್ನ ಮುಖಪುಟ ಮುಗಿಸಿ ಪ್ರಕಾಶಕರಿಗೆ ಕಳಿಸಿಬಿಟ್ಟರು. ಅಚ್ಚಾಗಿ ಬಂದ ಮೇಲೆ ನೋಡುತ್ತೇನೆ, ಸ್ಮಶಾನದ ನಡುವೆ ನಿಂತ ನನ್ನ ರಕ್ತಪಿಶಾಚಿ ಹಣೆಗೆ ವಿಭೂತಿ ಇಟ್ಟು, ಮೀಸೆ ತಿರುವಿ, ಎರಡೂ ಕೈ ಜೋಡಿಸಿ ನಗುತ್ತಿದೆ.

"ಏನು ಭಾಯಿ ಇದು?"

"ಸಾರಿ ಅಕ್ಕ. ಹದಿನೈದು ದಿನದಿಂದ ಅದೇ ಮುಖ, ಅದೇ ನಮಸ್ಕಾರ. ಬ್ರಷ್ ತಾನಾಗೇ ಹೋಗ್ಬಿಡ್ತು."

ಓದುಗರು ಏನನ್ನುತ್ತಾರೋ ಎಂದು ಹೆದರಿಕೊಂಡಿದ್ದೆ. ಒಬ್ಬರೂ ಬೈಯಲಿಲ್ಲ. ಇಷ್ಟು ಭಯ ಹುಟ್ಟಿಸುವ ಮುಖಪುಟ ಈವರೆಗೆ ಬಂದೇ ಇರಲಿಲ್ಲ ಅಂದರು.

ಅಂತರಸಂತೆಯಲ್ಲಿ

ಕಾಡಿನ ದೆವ್ವದ ಕತೆ ಬೇಕು ಎಂದು ಪ್ರಕಾಶಕರು ಕೇಳಿದರು. ಎಚ್.ಡಿ. ಕೋಟೆಗೆ ಹೋಗಿ ಅಲ್ಲಿಂದ ಸಂತೆಯ ದಿನ ಅಂತರಸಂತೆಗೆ ಹೋದೆ. ಅವರೆಕಾಯಿ ಮಾರುತ್ತಿದ್ದ ಒಬ್ಬ ಅಜ್ಜಿಯ ಪಕ್ಕ ಕೂತು ಮೆಲ್ಲಗೆ ಮಾತು ತೆಗೆದೆ.

"ಅಜ್ಜಿ, ಈ ಕಡೆ ದೆವ್ವ ಇದಾವಾ?"

"ಮದ್ಲು ಇದ್ವು ಕಣವ್ವ. ಬ್ಯಾಕಾದಂಗಿದ್ವು."

ನಾನು ಹತ್ತಿರ ಸರಿದೆ. "ಈಗ?"

"ಆನೆ ಬರಕ್ಕೆ ಸುರುವಾಯ್ತಲ್ಲ, ಎಲ್ಲಾ ಊರು ಬುಟ್ಟೋದ್ವು. ಅವ್ಕೂ ಜೀವದ ಆಸೆ ಇರಾಕಿಲ್ವಾ?"

ಅಮ್ಮನ ಹರಕೆ

ಮಗಳು ಪಿರಿಯಾಪಟ್ಟಣದ ಒಬ್ಬ ಹುಡುಗನನ್ನು ಮೆಚ್ಚಿದಳು. ಹುಡುಗ ಒಳ್ಳೆಯವನು, ಮನೆತನವೂ ಒಳ್ಳೆಯದು. ತೊಡಕು ಅಂದರೆ ಹುಡುಗನ ಅಜ್ಜಿ. ಆ ಮನೆಯಲ್ಲಿ ಅವರ ಮಾತೇ ಕೊನೆ, ಮತ್ತು ದೆವ್ವ ಅನ್ನುವ ಪದ ಕಿವಿಗೆ ಬಿದ್ದರೂ ಅವರು ಎದ್ದು ಹೋಗಿ ಸ್ನಾನ ಮಾಡುತ್ತಾರಂತೆ. ಅದಕ್ಕೇ ಮಾತುಕತೆ ಮಾಡಿಸಿದವರು, "ಹುಡುಗಿಯ ತಾಯಿ ದೇವರ ಮೇಲೆ ಬರೀತಾರೆ" ಎಂದು ಹೇಳಿಬಿಟ್ಟಿದ್ದರು. ಇದು ನಮಗೆ ಗೊತ್ತಾಗಿದ್ದು ಹುಡುಗನ ಕಡೆಯವರೆಲ್ಲ ನಮ್ಮ ಮನೆಗೆ ಬಂದು ಜಮಖಾನದ ಮೇಲೆ ಕೂತ ಮೇಲೆ.

ಉಪ್ಪಿಟ್ಟು ಮುಗಿಯಿತು. ಅಜ್ಜಿ ಕೈ ಒರೆಸಿಕೊಂಡು, "ದೇವ್ರ ಮ್ಯಾಲೆ ಬರ್ದಿದ್ದೀಯಂತಲ್ಲವ್ವ, ಒಂದೀಟು ಯೋಳು, ಕೇಳನ," ಅಂದರು.

ಮಗಳು ಬಾಗಿಲ ಮರೆಯಿಂದ ಕಣ್ಣಲ್ಲೇ ಬೇಡಿಕೊಂಡಳು. ನನಗೆ ಒಂದು ದೇವರನಾಮವೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಆ ತಿಂಗಳ ಕಾದಂಬರಿಯಲ್ಲಿ ದೆವ್ವ ಮೊದಲ ಸಲ ಕಾಣಿಸಿಕೊಳ್ಳುವ ಜಾಗ. ಕಣ್ಣು ಮುಚ್ಚಿಕೊಂಡು ಅದನ್ನೇ ಹೇಳಿದೆ:

"ಬಂದಳು! ಕೆದರಿದ ಕೇಶ, ಕೆಂಡದಂಥ ಕಣ್ಣು. ಅವಳ ಹೆಜ್ಜೆಗೆ ನೆಲ ನಡುಗಿತು. ತಪ್ಪು ಮಾಡಿದವನು ಎಲ್ಲಿ ಅಡಗಿದರೂ ಅವಳ ಕಣ್ಣು ತಪ್ಪಿಸಲಾರ!"

ಕಣ್ಣು ತೆರೆದರೆ ಅಜ್ಜಿ ಕೈಮುಗಿದು ಕೂತಿದ್ದಾರೆ, ಕೆನ್ನೆಯ ಮೇಲೆ ನೀರು. "ಸಾಕ್ಷಾತ್ ಅಮ್ಮ! ತಾಯೀ, ಈ ಮದ್ವೆ ಸಸೂತ್ರವಾಗಿ ಆದ್ರೆ ನಿಂಗೊಂದು ರೇಷ್ಮೆ ಸೀರೆ ಉಡುಸ್ತೀನಿ," ಎಂದು ಅಲ್ಲೇ ಹರಕೆ ಹೊತ್ತರು.

ಹುಡುಗನ ತಾಯಿ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಎದ್ದು ಹೋದರು. ಗುಟ್ಟು ರಟ್ಟಾಯಿತು ಅಂದುಕೊಂಡೆ. ಹಿಂದೆಯೇ ಹೋದೆ. ಅವರು ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದರು:

"ಹಾಳು ಬಂಗಲೆಯ ಅಧ್ಯಾಯ ಅಲ್ವಾ ಅದು? ನಿಮ್ ಪುಸ್ತಕಾನೆಲ್ಲ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಕೊಂಡು ಓದ್ತೀನಿ ಕಣ್ರೀ. ನಮ್ಮತ್ತೆಗೆ ಹೇಳ್ಬೇಡಿ."

ಮದುವೆ ಸಸೂತ್ರವಾಗಿ ಆಯಿತು. ಮಾರನೆಯ ವಾರವೇ ಅಜ್ಜಿ ಸೀರೆ ತರಿಸಿ, ಅಮ್ಮನ ಗುಡಿ ಎಲ್ಲಿದೆ ಎಂದು ಕೇಳಿದರು. ಬೀಗಿತ್ತಿ, "ಬಾಳ ದೂರ ಅತ್ತೆ, ಬೆಟ್ಟ ಹತ್ತಬೇಕು, ನಿಮ್ಗೆ ಆಗಲ್ಲ. ನಾನೇ ಉಡಿಸಿ ಬತ್ತೀನಿ," ಎಂದು ಹೇಳಿ, ಸೀರೆ ತಂದು ನಮ್ಮ ಮನೆಯಲ್ಲಿ ಇಟ್ಟರು.

"ಉಟ್ಕೊಳ್ಳಿ," ಅಂದರು.

"ನಾನಾ?"

"ಇನ್ಯಾರು? ಅತ್ತೆ ಫೋಟೋ ಬೇಕು ಅಂದವ್ರೆ."

ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಮುಖ ಪೂರ್ತಿ ಮುಚ್ಚುವ ಹಾಗೆ ಸೇವಂತಿಗೆ ಹಾರ ಇಳಿಬಿಟ್ಟರು. ಸುತ್ತ ಬೇವಿನಸೊಪ್ಪು, ಮುಂದೆ ನಿಂಬೆಹಣ್ಣು. ಯಜಮಾನರು ಊದುಬತ್ತಿ ಹಿಡಿದು ಹೊಗೆ ಮಾಡಿದರು. ಅಲ್ಲಾಡಬೇಡಿ, ಉಸಿರು ಬಿಡಬೇಡಿ ಎಂದು ಬೀಗಿತ್ತಿ ಗದರಿಸಿ ಫೋಟೋ ತೆಗೆದುಕೊಂಡು ಹೋದರು.

ಗೌರಿ ಹಬ್ಬಕ್ಕೆ ಮಗಳನ್ನು ಕರೆಯಲು ಪಿರಿಯಾಪಟ್ಟಣಕ್ಕೆ ಹೋದೆ. ಅಜ್ಜಿ ನನ್ನ ಕೈ ಹಿಡಿದು ನೇರ ದೇವರ ಮನೆಗೆ ಕರೆದೊಯ್ದರು. ಆ ಫೋಟೋಕ್ಕೆ ಕಟ್ಟು ಹಾಕಿಸಿ, ಎರಡು ದೀಪ ಹಚ್ಚಿಟ್ಟಿದ್ದರು. ನಾನು ನನಗೇ ಕೈಮುಗಿದು ನಿಂತೆ. ಅಜ್ಜಿ ಗಾಜಿನ ಮೇಲೆ ಬೆರಳಿಟ್ಟು ಭಕ್ತಿಯಿಂದ ತೋರಿಸಿದರು.

"ಎಲ್ಲಾ ಅಮ್ಮಂದಿರಂಗಲ್ಲ ಕಣವ್ವ ಇವ್ಳು. ಟೈಮಿಗೆ ಸರ್ಯಾಗಿ ಕೆಲ್ಸ ಮಾಡ್ಕೊಡ್ತಾಳೆ. ನೋಡು, ಕೈಗೆ ವಾಚ್ ಕಟ್ಟವ್ಳೆ!"